ಹಳೆಯ ಟಿವಿ, ಹೊಸ ಬಾಕ್ಸ್, ನಡುವೆ ಎಚ್‌ಡಿಸಿಪಿ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಮಲೆನಾಡಿನ ಒಂದು ತೋಟದ ಮನೆಯದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರಾಗಲಿ, ಮನೆತನದ ಹೆಸರಾಗಲಿ, ಟಿವಿ ಮತ್ತು ಬಾಕ್ಸ್ ತಯಾರಿಸಿದ ಕಂಪನಿಗಳ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ದೋಷದ ಲಕ್ಷಣಗಳನ್ನೂ ಪರೀಕ್ಷೆಗಳ ಕ್ರಮವನ್ನೂ ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ಟಿವಿ ರಿಪೇರಿ ಮಾಡುವವರಿಗೆ ಇದು ಉಪಯೋಗಕ್ಕೆ ಬರಬೇಕು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಪಟ್ಟಣದಿಂದ ಸಾಧನ ತಂದುಕೊಡುವ ಮಕ್ಕಳಿಗೂ ಬರಬೇಕು. ಎಚ್‌ಡಿಸಿಪಿ ಎಂದರೆ ಟಿವಿಗೆ ಹೋಗುವ ಚಿತ್ರವನ್ನು ಯಾರೂ ನಕಲು ಮಾಡದಂತೆ ಹಾಕಿದ ತಡೆ. ಪರದೆಯ ಮೇಲೆ ಆ ಅಕ್ಷರಗಳು ಕಂಡ ಕೂಡಲೇ ‘ಟಿವಿ ಹಳೆಯದಾಯಿತು, ಬದಲಿಸಿ’ ಎನ್ನುವ ರೂಢಿ ನಮ್ಮ ವೃತ್ತಿಯಲ್ಲಿ ಬೇರೂರಿದೆ. ಆ ಮಾತು ಕೆಲವೊಮ್ಮೆ ನಿಜ. ಈ ಮನೆಯಲ್ಲಿ ಅದು ನಿಜವಾಗಿರಲಿಲ್ಲ.

ಹಿನ್ನೆಲೆ

ಮನೆಯಲ್ಲಿರುವವರು ವಯಸ್ಸಾದ ದಂಪತಿ. ಟಿವಿ 32 ಇಂಚಿನ ಎಲ್‌ಸಿಡಿ, 2009ರಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಾಗ ಕೊಂಡದ್ದು. ಪರದೆಯ ಸ್ಪಷ್ಟತೆ 1366×768. ಹಿಂಬದಿಯಲ್ಲಿ ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ಕೇಬಲ್‌ನಲ್ಲಿ ತರುವ ಎಚ್‌ಡಿಎಂಐ ಪೋರ್ಟ್ ಎರಡು, ಹಸಿರು-ನೀಲಿ-ಕೆಂಪಿನ ಕಾಂಪೊನೆಂಟ್ ಸಾಲು, ಹಳದಿ-ಬಿಳಿ-ಕೆಂಪಿನ ಎವಿ ಸಾಲು. ಅಂದಿನ ಮಟ್ಟಕ್ಕೆ ಇದು ಗಟ್ಟಿ ಸರಕು. ಇಂದಿಗೂ ಅದರ ಬಣ್ಣ ಮಾಸಿಲ್ಲ. ಮೊದಲ ಎಚ್‌ಡಿಎಂಐ ಪೋರ್ಟಿಗೆ ಡಿಶ್‌ನ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಜೋಡಿಸಿತ್ತು, ಎರಡನೆಯದಕ್ಕೆ ಡಿವಿಡಿ ಪ್ಲೇಯರ್. ಯಜಮಾನರಿಗೆ ಯಕ್ಷಗಾನದ ಹುಚ್ಚು. ಮೇಳಗಳು ಊರಿಗೆ ಬಂದಾಗ ಪೇಟೆಯ ಸ್ಟುಡಿಯೊದವರು ರೆಕಾರ್ಡ್ ಮಾಡಿ ಕೊಡುತ್ತಿದ್ದ ಡಿಸ್ಕ್‌ಗಳು ಅವರ ಬಳಿ ಒಂದು ಪೆಟ್ಟಿಗೆ ತುಂಬ ಇವೆ. ಚೆಂಡೆ ಮದ್ದಳೆಯ ನಾದ ಟಿವಿಯ ಸಣ್ಣ ಸ್ಪೀಕರ್‌ನಲ್ಲಿ ಸೊರಗುತ್ತದೆ ಎಂದು ಡಿವಿಡಿ ಪ್ಲೇಯರಿನ ಧ್ವನಿಯನ್ನು ಕೆಂಪು-ಬಿಳಿ ವೈರಿನಿಂದ ಬೇರೆ ಸ್ಪೀಕರಿಗೆ ಕೊಟ್ಟಿದ್ದರು. ಈ ವಿವರ ಮುಂದೆ ಮುಖ್ಯವಾಗುತ್ತದೆ.

ಹಳ್ಳಿಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ಬೆಂಗಳೂರಿನಲ್ಲಿರುವ ಮಗ ದೀಪಾವಳಿಗೆ ಬರುವಾಗ 4ಕೆ ಸ್ಟ್ರೀಮಿಂಗ್ ಬಾಕ್ಸ್ ಒಂದನ್ನು ತಂದ. ಡಿವಿಡಿ ಪ್ಲೇಯರಿನ ಕೇಬಲ್ ತೆಗೆದು ಆ ಜಾಗದಲ್ಲಿ ಬಾಕ್ಸ್ ಜೋಡಿಸಿದ. ಮೆನು ಬಂತು. ಉಚಿತ ವಿಡಿಯೊಗಳೂ ಬಂದವು. ದುಡ್ಡು ಕೊಟ್ಟು ಚಂದಾದಾರನಾಗಿದ್ದ ಆ್ಯಪ್ ತೆರೆದು ಸಿನಿಮಾ ಒತ್ತಿದಾಗ ಮಾತ್ರ ಪರದೆ ಕಪ್ಪಾಯಿತು; ನಿಮ್ಮ ಟಿವಿ ಎಚ್‌ಡಿಸಿಪಿಯನ್ನು ಬೆಂಬಲಿಸುತ್ತಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬಂತು. ಧ್ವನಿಯೂ ಇರಲಿಲ್ಲ, ಮೆನುವಿನಲ್ಲಿ ಗುಂಡಿ ಒತ್ತಿದಾಗ ಬರಬೇಕಾದ ಸಣ್ಣ ಸದ್ದು ಕೂಡ ಇರಲಿಲ್ಲ. ಡಿವಿಡಿಗೆ ಬೇರೆ ಸ್ಪೀಕರ್ ಇದ್ದದ್ದರಿಂದ ‘ಇದಕ್ಕೂ ಹಾಗೆಯೇ ಬೇರೆ ವೈರ್ ಬೇಕೇನೋ’ ಎಂದು ಮನೆಯವರು ಅದನ್ನು ಅಲ್ಲಿಗೇ ಬಿಟ್ಟರು.

ಎಚ್‌ಡಿಸಿಪಿ ಮಾಡುವುದೇನು

ನಡೆದ ಪ್ರಯತ್ನಗಳಲ್ಲಿ ಯಾವುದು ಸರಿ, ಯಾವುದು ವ್ಯರ್ಥ ಎಂದು ತಿಳಿಯಬೇಕಾದರೆ ಇಷ್ಟು ಗೊತ್ತಿರಬೇಕು. ಎಚ್‌ಡಿಸಿಪಿ ಎಂಬುದು ಇಂಟೆಲ್ ರೂಪಿಸಿದ ನಕಲು ತಡೆ ವ್ಯವಸ್ಥೆ. ಅದರ ಮೊದಲ ಆವೃತ್ತಿ 2000ದಲ್ಲಿ ಬಂತು, ಎಚ್‌ಡಿಎಂಐ ಬಂದದ್ದು 2002ರ ಕೊನೆಗೆ. ಸಿನಿಮಾ ಕಳುಹಿಸುವ ಸಾಧನ ಮೊದಲು ಎದುರಿನ ಟಿವಿಯನ್ನು ‘ನಿನ್ನ ಬಳಿ ಪರವಾನಗಿಯ ಕೀಲಿಗಳಿವೆಯೇ’ ಎಂದು ಕೇಳುತ್ತದೆ. ಹಳೆಯ 1.ಎಕ್ಸ್ ಆವೃತ್ತಿಗಳಲ್ಲಿ ಪ್ರತಿ ಸಾಧನದೊಳಗೆ 56 ಬಿಟ್‌ಗಳ 40 ಗುಟ್ಟಿನ ಕೀಲಿಗಳಿರುತ್ತವೆ. ಎರಡೂ ಕಡೆಯ ಲೆಕ್ಕ ತಾಳೆಯಾದರೆ ಚಿತ್ರವನ್ನು ಗೂಢಲಿಪಿಯಲ್ಲಿ ಕಳುಹಿಸುವುದು ಶುರುವಾಗುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ: ಪ್ರತಿ 128 ಫ್ರೇಮ್‌ಗಳಿಗೆ ಒಮ್ಮೆ, ಅಂದರೆ ಸುಮಾರು ಎರಡು ಸೆಕೆಂಡಿಗೊಮ್ಮೆ, ತಾಳೆ ಇನ್ನೂ ಸರಿಯಿದೆಯೇ ಎಂದು ನೋಡುತ್ತಲೇ ಇರುತ್ತದೆ.

ಚಿತ್ರ ಹೋಗುವ ತಂತಿಗಳೇ ಬೇರೆ, ಈ ವಿಚಾರಣೆ ನಡೆಯುವ ತಂತಿಗಳೇ ಬೇರೆ. ಎಚ್‌ಡಿಎಂಐಯ 19 ಪಿನ್‌ಗಳಲ್ಲಿ 15 ಮತ್ತು 16ನೆಯವು ಮಾತುಕತೆಗೆ ಮೀಸಲು. ‘ನಾನು ಇಂಥ ಹೆಸರಿನ ಟಿವಿ, ನನ್ನ ಪರದೆ ಇಷ್ಟು, ನನಗೆ ಧ್ವನಿಯೂ ಬೇಕು’ ಎಂದು ಟಿವಿ ತನ್ನ ಪರಿಚಯ ಹೇಳಿಕೊಳ್ಳುವುದೂ ಇವೇ ಎರಡು ತಂತಿಗಳಲ್ಲಿ. ಆ ಪರಿಚಯಪತ್ರಕ್ಕೆ ಇಡಿಐಡಿ ಎನ್ನುತ್ತಾರೆ. ಪರಿಚಯ ಸಿಗದಿದ್ದರೆ ಸಾಧನ ಎದುರಿಗಿರುವುದು ಚಿತ್ರವನ್ನಷ್ಟೇ ಪಡೆಯುವ ಹಳೆಯ ಡಿವಿಐ ಜೋಡಣೆಯ ಪರದೆ ಎಂದು ಭಾವಿಸಬೇಕು ಎಂಬುದು ನಿಯಮ. ಆಗ ಅದು ಧ್ವನಿ ಕಳುಹಿಸುವುದಿಲ್ಲ, ಚಿತ್ರವನ್ನೂ ಎಲ್ಲರಿಗೂ ಒಗ್ಗುವ ಕಡಿಮೆ ಸ್ಪಷ್ಟತೆಯಲ್ಲಿ ಕಳುಹಿಸುತ್ತದೆ. ಈ ಮನೆಯ ಕಥೆಯೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿತ್ತು.

ನಾನು ಹೋಗುವ ಮೊದಲು ನಡೆದದ್ದು

ಮೊದಲು ಕೇಬಲ್ ಬದಲಿಸಿದರು. ಪೇಟೆಯ ಅಂಗಡಿಯಲ್ಲಿ ಚಿನ್ನದ ಲೇಪದ ದಪ್ಪ ಕೇಬಲ್ ಒಂದನ್ನು ದುಬಾರಿ ಬೆಲೆಗೆ ಕೊಟ್ಟರು. ಫಲವಿಲ್ಲ. ಬಾಕ್ಸ್ ಕೆಟ್ಟಿರಬೇಕೆಂದು ಮಗ ಅದನ್ನು ಹಿಂದಿರುಗಿಸಿ ಇನ್ನೊಂದು ತರಿಸಿದ. ಅದೇ ಸಂದೇಶ. ಬಳಿಕ ಯಾರದೋ ಸಲಹೆಯಂತೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಪುಟ್ಟ ಕನ್ವರ್ಟರ್ ತಂದು ಹಳದಿ-ಬಿಳಿ-ಕೆಂಪು ಸಾಲಿಗೆ ಜೋಡಿಸಿದರು. ಮೆನು ಮಸುಕಾಗಿ ಬಂತು, ಅಕ್ಷರ ಓದಲಾಗಲಿಲ್ಲ, ಸಿನಿಮಾ ಒತ್ತಿದರೆ ಮತ್ತೆ ಅದೇ ತಡೆ.

ಈ ಕೊನೆಯ ಪ್ರಯತ್ನ ಎಲ್ಲರನ್ನೂ ದಾರಿ ತಪ್ಪಿಸಿತು. ಹೊಸ ಬಾಕ್ಸ್, ಹೊಸ ಕೇಬಲ್, ಹೊಸ ಕನ್ವರ್ಟರ್, ಬೇರೆಯದೇ ಸಾಲು. ಆದರೂ ದೋಷ ಹೋಗದಿದ್ದರೆ ಉಳಿದದ್ದು ಟಿವಿಯೊಂದೇ ತಾನೇ ಎಂದು ಅಂಗಡಿಯವರು ತೀರ್ಮಾನಿಸಿದರು. ಮೇಲ್ನೋಟಕ್ಕೆ ತರ್ಕ ಸರಿ. ಆದರೆ ಅಂಥ ಅಗ್ಗದ ಕನ್ವರ್ಟರ್‌ಗಳಲ್ಲಿ ಎಚ್‌ಡಿಸಿಪಿ ಕೀಲಿಗಳೇ ಇಲ್ಲದವು ಬಹಳ. ಅಂದರೆ ಬಾಕ್ಸ್ ವಿಚಾರಿಸಿದ್ದು ಟಿವಿಯನ್ನಲ್ಲ, ಕನ್ವರ್ಟರನ್ನು. ಸುಳಿವು ಕೊಡದೆ ಸೋತದ್ದು ಅದು. ಎರಡು ಬೇರೆ ಬೇರೆ ಕಾರಣಗಳಿಂದ ಒಂದೇ ಸಂದೇಶ ಬಂದಿತ್ತು. ಪರದೆಯ ಸಂದೇಶ ಮಾತುಕತೆ ಮುರಿಯಿತು ಎಂದಷ್ಟೇ ಹೇಳುತ್ತದೆ, ಯಾರಿಂದ ಮುರಿಯಿತು ಎಂದು ಹೇಳುವುದಿಲ್ಲ.

ಇನ್ನೊಂದು ಅಂಗಡಿಯಲ್ಲಿ, ಒಂದು ಸಾಧನದ ಚಿತ್ರವನ್ನು ಎರಡು ಟಿವಿಗೆ ಹಂಚುವ ಸ್ಪ್ಲಿಟರ್ ತೋರಿಸಿ ಬೇರೆ ಉಪಾಯ ಹೇಳಿದರು: “ಈ ಸ್ಪ್ಲಿಟರ್ ಹಾಕಿ, ಎಚ್‌ಡಿಸಿಪಿ ಕೇಳುವುದೇ ಇಲ್ಲ.” ಮಗ ಅದನ್ನು ಕೊಳ್ಳುವ ಮೊದಲು ನನಗೆ ಫೋನ್ ಮಾಡಿ, “ಇದು ಸರಿಯೇ ಸರ್?” ಎಂದು ಕೇಳಿದರು. ಪ್ರಕರಣ ನನ್ನ ಬಳಿಗೆ ಬಂದದ್ದು ಹೀಗೆ.

ಸ್ಪ್ಲಿಟರಿನ ಪ್ರಶ್ನೆ

ಈ ಸಾಧನದ ಬಗ್ಗೆ ನೇರವಾಗಿ ಹೇಳಬೇಕು, ಏಕೆಂದರೆ ಎಲ್ಲ ಊರಿನ ಅಂಗಡಿಗಳಲ್ಲೂ ಇದು ಪಿಸುಮಾತಿನ ಪರಿಹಾರವಾಗಿ ಸಿಗುತ್ತದೆ. ಕೆಲವು ಸ್ಪ್ಲಿಟರ್‌ಗಳು ತಾವೇ ಟಿವಿ ಎಂಬಂತೆ ಬಾಕ್ಸ್‌ಗೆ ಉತ್ತರ ಕೊಟ್ಟು, ಗೂಢಲಿಪಿ ಬಿಡಿಸಿದ ಚಿತ್ರವನ್ನು ಮುಂದಕ್ಕೆ ಸಾಗಿಸುತ್ತವೆ. ಈ ಮನೆಯಲ್ಲಿ ಅದನ್ನು ಹಾಕಿದ್ದರೆ ಬಹುಶಃ ಚಿತ್ರ ಬರುತ್ತಿತ್ತು ಎಂದು ಒಪ್ಪಿಕೊಂಡೇ ಬೇಡ ಎಂದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ವಿಧಿ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ತಡೆಯನ್ನು ಮುರಿಯುವುದನ್ನು ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡಕ್ಕೆ ಅರ್ಹವಾದ ಅಪರಾಧವೆಂದು ಹೇಳುತ್ತದೆ. ತಾನೇ ದುಡ್ಡು ಕೊಟ್ಟ ಸಿನಿಮಾವನ್ನು ಮನೆಯಲ್ಲಿ ಕುಳಿತು ನೋಡುವ ವೃದ್ಧ ದಂಪತಿಗೆ ಅಂಥ ಉದ್ದೇಶವಿಲ್ಲ, ನಿಜ. ಆದರೂ ಬೀಗ ಮುರಿಯುವ ಸಾಧನವನ್ನು ಬೇರೊಬ್ಬರ ಮನೆಗೆ ಜೋಡಿಸಿ ಬರುವುದು ನನ್ನ ಕೆಲಸವಲ್ಲ. ಅದಕ್ಕಿಂತ ತೂಕದ ಕಾರಣ ಇನ್ನೊಂದಿತ್ತು: ದೋಷ ಎಲ್ಲಿದೆ ಎಂದು ಯಾರೂ ಇನ್ನೂ ಹುಡುಕಿರಲಿಲ್ಲ. ಹುಡುಕುವ ಮೊದಲೇ ಮುಚ್ಚಿಬಿಟ್ಟರೆ, ದೋಷಕ್ಕೆ ಮೂಲವಾದದ್ದು ಮನೆಯಲ್ಲಿ ಹಾಗೆಯೇ ಉಳಿಯುತ್ತದೆ.

ಇದನ್ನೂ ಹೇಳದೆ ಇರಲಾರೆ. ಎಚ್‌ಡಿಸಿಪಿಯ 1.ಎಕ್ಸ್ ಸರಣಿಯ ಮೂಲ ಕೀಲಿ 2010ರಲ್ಲೇ ಬಯಲಾಯಿತು. ಅದು ಅಸಲಿ ಎಂದು ಇಂಟೆಲ್ ಕೂಡ ಒಪ್ಪಿಕೊಂಡಿತು. ಕದ್ದ ಪ್ರತಿ ಇಳಿಸಿಕೊಂಡು ಪೆನ್‌ಡ್ರೈವ್‌ನಿಂದ ನೋಡುವವನಿಗೆ ಈ ಸಂದೇಶ ಒಮ್ಮೆಯೂ ಎದುರಾಗುವುದಿಲ್ಲ. ಎದುರಾಗುವುದು ತಿಂಗಳು ತಿಂಗಳು ಹಣ ಕಟ್ಟುವವನಿಗೆ. ಈ ಅನ್ಯಾಯ ನನ್ನನ್ನು ಕಾಡುತ್ತದೆ. ಹಾಗಾಗಿಯೇ ಇಂಥ ದೋಷ ಬಂದಾಗ ಗ್ರಾಹಕರ ಮೇಲೆ ಇನ್ನೊಂದು ಟಿವಿಯ ಖರ್ಚು ಹೊರಿಸುವ ಮೊದಲು ನಾವು ಸ್ವಲ್ಪ ಹೆಚ್ಚು ಶ್ರಮ ಪಡಬೇಕು ಎನ್ನುತ್ತೇನೆ.

ದೋಷದ ಜಾಡು

ಹೋದ ಕೂಡಲೇ ಯಾವುದನ್ನೂ ಬದಲಿಸಲಿಲ್ಲ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಡಿಸ್‌ಪ್ಲೇ ಪುಟ ತೆರೆದೆ. ಸಾಮಾನ್ಯವಾಗಿ ಅಲ್ಲಿ ಜೋಡಿಸಿದ ಟಿವಿಯ ಹೆಸರು, ಅದು ಸ್ವೀಕರಿಸುವ ಸ್ಪಷ್ಟತೆಗಳ ಪಟ್ಟಿ, ಎಚ್‌ಡಿಸಿಪಿ ಆವೃತ್ತಿ ಇರುತ್ತವೆ. ಇಲ್ಲಿ ಹೆಸರಿನ ಜಾಗ ಖಾಲಿ. ಪಟ್ಟಿಯಲ್ಲಿ ಇದ್ದದ್ದು ಕಡಿಮೆ ಸ್ಪಷ್ಟತೆಯ 480ಪಿ ಒಂದೇ. ಧ್ವನಿಯೂ ಇಲ್ಲವೆಂಬುದನ್ನು ಇದರ ಜೊತೆಗೆ ಇಟ್ಟು ನೋಡಿದಾಗ ಅನುಮಾನ ಗಟ್ಟಿಯಾಯಿತು: ಬಾಕ್ಸ್‌ಗೆ ಟಿವಿಯ ಪರಿಚಯವೇ ಆಗಿಲ್ಲ. ಟಿವಿಗೆ ಎಚ್‌ಡಿಸಿಪಿ ಬರುವುದಿಲ್ಲ ಎನ್ನುವುದಕ್ಕೂ, ಟಿವಿ ಮಾತನಾಡುತ್ತಲೇ ಇಲ್ಲ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎಚ್‌ಡಿಸಿಪಿ ಇಲ್ಲದ ಟಿವಿಯಾದರೂ ತನ್ನ ಹೆಸರನ್ನಂತೂ ಹೇಳುತ್ತದೆ.

ಯಜಮಾನರು ಈ ವಾದವನ್ನು ಒಪ್ಪಲಿಲ್ಲ. “ಇದೇ ಪೋರ್ಟಿನಲ್ಲಿ ಡಿವಿಡಿ ವರ್ಷಗಟ್ಟಲೆ ಬಂದಿದೆ. ಪೋರ್ಟು ಕೆಟ್ಟಿದ್ದರೆ ಆಟ ಹೇಗೆ ಬರುತ್ತಿತ್ತು?” ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಡಿವಿಡಿ ಪ್ಲೇಯರನ್ನು ಮತ್ತೆ ಎರಡನೇ ಪೋರ್ಟಿಗೆ ಹಾಕಿ ಅವರ ಯಕ್ಷಗಾನದ ಡಿಸ್ಕ್ ಹಾಕಿದೆವು. ಚೆನ್ನಾಗಿಯೇ ಬಂತು. ಆಮೇಲೆ ಕಪಾಟಿನಲ್ಲಿದ್ದ, ಕಂಪನಿಯಿಂದಲೇ ಬಂದ ಹಳೆಯ ಕನ್ನಡ ಸಿನಿಮಾದ ಡಿಸ್ಕ್ ಹಾಕಿದೆವು. ಪ್ಲೇಯರಿನ ಮೊದಲ ಚಿತ್ರ ಬಂತು, ಸಿನಿಮಾ ಶುರುವಾಗುವ ಹೊತ್ತಿಗೆ ಪರದೆ ಕಪ್ಪಾಯಿತು.

ಇಡೀ ಪ್ರಕರಣದ ತಿರುವು ಇದು. ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕ್‌ಗೆ ನಕಲು ತಡೆ ಇರಲಿಲ್ಲ. ಅದನ್ನು ಆಡಿಸಲು ಈ ಪ್ಲೇಯರ್ ಟಿವಿಯ ಅನುಮತಿ ಕೇಳುತ್ತಲೇ ಇರಲಿಲ್ಲ. ಸಿನಿಮಾದ ಡಿಸ್ಕ್‌ಗೆ ಸಿಎಸ್‌ಎಸ್ ಎಂಬ, ಡಿವಿಡಿಗಳ ನಕಲು ತಡೆ ಇದೆ. ಅಂಥದ್ದನ್ನು ಎಚ್‌ಡಿಎಂಐ ಮೂಲಕ ಕಳುಹಿಸುವಾಗ ಪ್ಲೇಯರ್ ಎಚ್‌ಡಿಸಿಪಿಯನ್ನು ಬಳಸಲೇಬೇಕು. ಸಿನಿಮಾ ನೋಡುವುದನ್ನು ಅವರು ಟಿವಿ ಚಾನೆಲ್‌ಗಳಿಗೇ ಬಿಟ್ಟಿದ್ದರಿಂದ ಪೋರ್ಟಿನ ದೋಷ ಬೆಳಕಿಗೆ ಬಂದಿರಲಿಲ್ಲ. ಧ್ವನಿ ಬೇರೆ ವೈರಿನಲ್ಲಿ ಹೋಗುತ್ತಿದ್ದರಿಂದ ಅದರ ಕೊರತೆಯೂ ಗೊತ್ತಾಗಿರಲಿಲ್ಲ. ಸಂಜೆಯ ಹೊತ್ತಿಗೆ ಯಕ್ಷಗಾನ ಬರುತ್ತಿತ್ತು ಎಂಬುದೇ ಪೋರ್ಟು ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗಿಬಿಟ್ಟಿತ್ತು.

ಮುಂದಿನದು ಸುಲಭ. ಅದೇ ಪ್ಲೇಯರ್, ಅದೇ ಡಿಸ್ಕ್, ಅದೇ ಕೇಬಲನ್ನು ಮೊದಲನೇ ಪೋರ್ಟಿಗೆ ಹಾಕಿದೆ. ಸಿನಿಮಾ ಧ್ವನಿಸಹಿತ ಬಂತು. ಸ್ಟ್ರೀಮಿಂಗ್ ಬಾಕ್ಸ್ ಹಾಕಿದೆ. ಡಿಸ್‌ಪ್ಲೇ ಪುಟದಲ್ಲಿ ಟಿವಿಯ ಹೆಸರು ಕಾಣಿಸಿತು, 720ಪಿ ಮತ್ತು 1080ಐ ಪಟ್ಟಿಗೆ ಬಂದವು, ಎಚ್‌ಡಿಸಿಪಿ 1.4 ಎಂದು ತೋರಿಸಿತು. ಚಂದಾ ಕಟ್ಟಿದ ಸಿನಿಮಾ ಆಡಿತು. ಎರಡು ಸಾಧನ, ಎರಡು ಪೋರ್ಟ್, ನಾಲ್ಕು ಜೋಡಣೆ. ದೋಷ ಪ್ರತಿ ಸಲವೂ ಎರಡನೇ ಪೋರ್ಟಿನ ಜೊತೆಗೇ ಇತ್ತು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿದ್ದರೆ ಈ ತೀರ್ಮಾನಕ್ಕೆ ದೀಪಾವಳಿಯ ದಿನವೇ ಬರಬಹುದಿತ್ತು. ಅಂದು ಯಾರೂ ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಮುಟ್ಟಲಿಲ್ಲ, ಯಜಮಾನರ ಸಂಜೆಯ ವಾರ್ತೆಗೆ ಅಡ್ಡಿಯಾಗಬಾರದೆಂದು.

ಹಾಗಾದರೆ ಎರಡನೇ ಪೋರ್ಟಿಗೆ ಏನಾಗಿತ್ತು? ಉತ್ತರ ಅಮ್ಮನವರಿಂದ ಬಂತು. “ಮಳೆಗಾಲಕ್ಕೆ ಮುಂಚೆ ಸಿಡಿಲು ಬಡಿದು ಹಳೆಯ ಡಿಶ್ ಬಾಕ್ಸ್ ಸುಟ್ಟುಹೋಗಿತ್ತು. ಆಗ ಅದು ಇದ್ದದ್ದು ಈ ಎರಡನೇ ಕಡೆಗೇ. ಹೊಸದು ಹಾಕಲು ಬಂದ ಹುಡುಗ ಇಲ್ಲಿ ಬರುವುದಿಲ್ಲವೆಂದು ಪಕ್ಕಕ್ಕೆ ಹಾಕಿಹೋದ,” ಎಂದರು. ಎಷ್ಟೋ ವರ್ಷಗಳ ಹಿಂದಿನ ಮಾತು. ಡಿಶ್ ಅಳವಡಿಸಿದ ಹುಡುಗನಿಗೆ ದೋಷ ಕಂಡಿತ್ತು, ಆದರೆ ಅವನು ಯಾರಿಗೂ ಹೇಳಿರಲಿಲ್ಲ. ಅವನ ಕೆಲಸ ಚಾನೆಲ್ ಬರಿಸುವುದು, ಬರಿಸಿ ಹೋದ.

ಟಿವಿಯ ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಹಿಂಬದಿ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅಳೆದೆ. ಮೊದಲ ಪೋರ್ಟಿನಲ್ಲಿ 15 ಮತ್ತು 16ನೇ ಪಿನ್‌ಗಳಿಗೂ ನೆಲಕ್ಕೂ (ಬೋರ್ಡಿನ ಗ್ರೌಂಡ್‌ಗೂ) ನಡುವೆ ಕಿಲೊ-ಓಮ್‌ಗಳ ಲೆಕ್ಕದಲ್ಲಿ ತಡೆ ತೋರಿಸಿತು. ಎರಡನೆಯದರಲ್ಲಿ 16ನೇ ಪಿನ್ ಹೆಚ್ಚುಕಡಿಮೆ ನೆಲಕ್ಕೆ ಅಂಟಿಕೊಂಡಿತ್ತು. ಸಿಡಿಲಿನ ಹೊಡೆತವನ್ನು ನುಂಗಲೆಂದೇ ಪೋರ್ಟಿನ ಬಳಿ ಇಡುವ ರಕ್ಷಕ ಡಯೋಡ್ ತಾನು ಶಾರ್ಟ್ ಆಗಿ ಒಳಗಿನ ಚಿಪ್ ಉಳಿಸಿರಬೇಕು. ಡೇಟಾ ತಂತಿ ನೆಲಕ್ಕೆ ಬಿದ್ದ ಮೇಲೆ ಪರಿಚಯವೂ ಇಲ್ಲ, ವಿಚಾರಣೆಯೂ ಇಲ್ಲ. ಚಿತ್ರದ ತಂತಿಗಳು ಬೇರೆಯಾದ್ದರಿಂದ ಅವು ಸುರಕ್ಷಿತವಾಗಿದ್ದವು.

ಒಂದು ನಿರ್ಧಾರ

ಡಯೋಡ್ ತೆಗೆದುಬಿಟ್ಟರೆ ಪೋರ್ಟ್ ಬಹುಶಃ ಮತ್ತೆ ಜೀವ ಪಡೆಯುತ್ತಿತ್ತು. ಅಕ್ಕಿಕಾಳಿಗಿಂತ ಚಿಕ್ಕದಾದ ಭಾಗ. ಬಿಸಿಗಾಳಿಯ ಸೋಲ್ಡರಿಂಗ್ ಸಲಕರಣೆಯಿಂದ ತೆಗೆಯಬಹುದು. ಮಗ ಫೋನಿನಲ್ಲಿ, “ಮಾಡಿಬಿಡಿ ಸರ್” ಎಂದರು. ನಾನು ಮಾಡಲಿಲ್ಲ. ಮೊದಲ ಕಾರಣ, ರಕ್ಷಕವಿಲ್ಲದ ಪೋರ್ಟನ್ನು ಸಿಡಿಲಿನ ಸೀಮೆಯಲ್ಲಿ ಬಿಟ್ಟುಬಂದರೆ ಮುಂದಿನ ಹೊಡೆತ ನೇರ ಮುಖ್ಯ ಚಿಪ್‌ಗೆ. ಎರಡನೆಯದು, ಇಷ್ಟು ವರ್ಷದ ಬೋರ್ಡಿಗೆ ಬಿಸಿ ಕೊಟ್ಟು ಏನಾದರೂ ಎಡವಟ್ಟಾದರೆ ಬದಲಿ ಬೋರ್ಡ್ ಸಿಗುವುದಿಲ್ಲ. ಇರುವ ಒಂದು ಒಳ್ಳೆಯ ಪೋರ್ಟನ್ನು ಹಂಚಿಕೊಂಡು ಬಳಸುವುದು ಸಾಧ್ಯವಿರುವಾಗ ಮನೆಯ ಒಂದೇ ಟಿವಿಯನ್ನು ಪಣಕ್ಕಿಡುವುದು ಸರಿಯಲ್ಲ ಎನಿಸಿತು. ಹಿಂಬದಿ ಮುಚ್ಚಿದೆ.

ಡಿವಿಡಿ ಪ್ಲೇಯರನ್ನು ಕಾಂಪೊನೆಂಟ್ ಸಾಲಿಗೆ ವರ್ಗಾಯಿಸಿದೆ. ಮೂರು ಬಣ್ಣದ ಆ ಹಳೆಯ ತಂತಿಗಳಲ್ಲಿ ಎಚ್‌ಡಿಸಿಪಿಯ ಮಾತೇ ಇಲ್ಲ, ಡಿವಿಡಿಯ ಸ್ಪಷ್ಟತೆಗೆ ಅದು ಧಾರಾಳ ಸಾಕು. (ಅನಲಾಗ್ ತಂತಿಗೂ ಮ್ಯಾಕ್ರೊವಿಷನ್ ಎಂಬ ಬೇರೆ ತಡೆಯುಂಟು, ಪ್ಲೇಯರನ್ನು ವಿಸಿಆರ್ ಮೂಲಕ ಹಾಯಿಸಿದರೆ ಚಿತ್ರ ಬೆಳಗಿ ಮಂಕಾಗಿ ಪೀಡಿಸುವುದು ಅದರಿಂದಲೇ. ನೇರ ಟಿವಿಗೆ ಜೋಡಿಸಿದರೆ ತೊಂದರೆಯಿಲ್ಲ.) ಉಳಿದವು ಸೆಟ್‌ಟಾಪ್ ಬಾಕ್ಸ್ ಮತ್ತು ಸ್ಟ್ರೀಮಿಂಗ್ ಬಾಕ್ಸ್, ಎರಡಕ್ಕೂ ಒಂದೇ ಪೋರ್ಟ್. ನಡುವೆ ಎಚ್‌ಡಿಎಂಐ ಸ್ವಿಚ್ ಹಾಕಬೇಕಿತ್ತು.

ಎರಡನೇ ಅಡಚಣೆ

ಪೇಟೆಯಲ್ಲಿ ಸಿಕ್ಕ ಮೊದಲ ಸ್ವಿಚ್ ಕರೆಂಟ್ ಬೇಡದ, ಗುಂಡಿ ಒತ್ತಿ ಬದಲಿಸುವ ಸಾದಾ ಮಾದರಿ. ಒಂದು ಬಾಕ್ಸ್‌ನಿಂದ ಇನ್ನೊಂದಕ್ಕೆ ಬದಲಿಸಿದಾಗ ಕೆಲವೊಮ್ಮೆ ಚಿತ್ರ ಸರಿಯಾಗಿ ಬರುತ್ತಿತ್ತು, ಕೆಲವೊಮ್ಮೆ ಪರದೆಯ ತುಂಬ ಬಣ್ಣದ ಚುಕ್ಕಿಗಳು ಕುಣಿಯುತ್ತಿದ್ದವು. ಕೇಬಲ್ ಕಿತ್ತು ಹಾಕಿದರೆ ಸರಿಹೋಗುತ್ತಿತ್ತು. ಮನೆಯವರಿಗೆ ಗಾಬರಿ: ಟಿವಿಯೇ ಕೆಟ್ಟಿತೇ?

ಇದು ಮೊದಲಿನದಕ್ಕಿಂತ ಬೇರೆಯೇ ದೋಷ, ಆದರೆ ಅದೇ ಮಾತುಕತೆಯದು. ಟಿವಿ ಎದುರಿಗಿದೆ ಎಂದು ಸಾಧನಕ್ಕೆ ತಿಳಿಸುವುದು 19ನೇ ಪಿನ್. ಅಲ್ಲಿಯ ವೋಲ್ಟೇಜ್ ಒಮ್ಮೆ ಇಳಿದು ಏರಿದರೆ ಮಾತ್ರ ಸಾಧನ ಹೊಸದಾಗಿ ಕೀಲಿ ತಾಳೆ ನೋಡುತ್ತದೆ. ಈ ಸಾದಾ ಸ್ವಿಚ್ ಗುಂಡಿ ಒತ್ತಿದಾಗ ಆ ಸೂಚನೆಯನ್ನು ಸರಿಯಾಗಿ ಕೊಡುತ್ತಿರಲಿಲ್ಲ. ಹಾಗಾಗಿ ಬಾಕ್ಸ್ ಹಳೆಯ ಒಪ್ಪಂದವೇ ಜಾರಿಯಲ್ಲಿದೆ ಎಂದುಕೊಂಡು ಗೂಢಲಿಪಿಯಲ್ಲಿ ಕಳುಹಿಸುತ್ತಿತ್ತು. ಟಿವಿ ತನ್ನ ಹೊಸ ಲೆಕ್ಕದಲ್ಲಿ ಬಿಡಿಸಲು ಹೋಗಿ ಚುಕ್ಕಿಗಳನ್ನು ಕಾಣಿಸುತ್ತಿತ್ತು. ಚುಕ್ಕಿಗಳು ಕಂಡರೆ ಕೇಬಲ್ ಸಡಿಲವೆಂದು ನಾವು ಊಹಿಸುವುದುಂಟು. ಬೀಗ ಹಾಕಿದ ಚಿತ್ರವನ್ನು ತಪ್ಪು ಕೀಲಿಯಿಂದ ತೆರೆದಾಗಲೂ ಹಾಗೆಯೇ ಕಾಣುತ್ತದೆ.

ಸ್ವಂತ ಅಡಾಪ್ಟರ್ ಇರುವ, ಎಚ್‌ಡಿಸಿಪಿ ಬೆಂಬಲವನ್ನು ಪೊಟ್ಟಣದ ಮೇಲೆ ಬರೆದಿರುವ, ಬದಲಿಸಿದಾಗಲೆಲ್ಲ 19ನೇ ಪಿನ್ ಇಳಿಸಿ ಏರಿಸುವ ಸ್ವಿಚ್ ತರಿಸಿದೆವು. ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಚುಕ್ಕಿಗಳು ನಿಂತವು. ಇನ್ನೂ ಒಂದು ಸಣ್ಣ ಕಿರಿಕಿರಿ ಉಳಿದಿತ್ತು: ಜಾಹೀರಾತಿನಿಂದ ಸಿನಿಮಾಕ್ಕೆ, ಸಿನಿಮಾದಿಂದ ಮೆನುವಿಗೆ ಹೋಗುವಾಗ ಪರದೆ ಕೆಲವು ಕ್ಷಣ ಕಪ್ಪಾಗುತ್ತಿತ್ತು. ಬಾಕ್ಸ್ ‘ಆಟೊ’ ಸ್ಥಿತಿಯಲ್ಲಿದ್ದು ವಿಡಿಯೊಗೆ ತಕ್ಕಂತೆ ಸ್ಪಷ್ಟತೆ ಮತ್ತು ಫ್ರೇಮ್ ವೇಗವನ್ನು ಬದಲಿಸುತ್ತಿತ್ತು. ಬದಲಾದಾಗಲೆಲ್ಲ ಎಚ್‌ಡಿಸಿಪಿ ಮೊದಲಿನಿಂದ ನಡೆಯಬೇಕು, ಹಳೆಯ ಟಿವಿ ಅದರಲ್ಲಿ ನಿಧಾನ. 720ಪಿಗೆ ಸ್ಥಿರಗೊಳಿಸಿ, ವಿಡಿಯೊಗೆ ತಕ್ಕಂತೆ ಫ್ರೇಮ್ ಬದಲಿಸುವ ಆಯ್ಕೆಯನ್ನು ನಿಲ್ಲಿಸಿದೆ. 1366×768ರ ಪರದೆಗೆ 720ಪಿಯಿಂದ ಕಣ್ಣಿಗೆ ಕಾಣುವ ನಷ್ಟವಿಲ್ಲ.

4ಕೆ ಸಿಗಲಿಲ್ಲವಲ್ಲ ಎಂದು ಮಗ ಬೇಸರಪಟ್ಟರು. 4ಕೆ ಚಿತ್ರಕ್ಕೆ ಸ್ಟ್ರೀಮಿಂಗ್ ಸೇವೆಗಳು ಎಚ್‌ಡಿಸಿಪಿ 2.2 ಕೇಳುತ್ತವೆ, 2009ರ ಟಿವಿಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಇದ್ದರೂ ಈ ಪರದೆ 4ಕೆ ತೋರಿಸಲಾರದು. 1.4 ಸಿಕ್ಕಾಗ ಸೇವೆಗಳು ಸಾಮಾನ್ಯವಾಗಿ ಸ್ಪಷ್ಟತೆ ಇಳಿಸಿ ಚಿತ್ರವನ್ನು ಕೊಟ್ಟೇಕೊಡುತ್ತವೆ. ಅಂಗಡಿಯವರು ಹೇಳಿದ ‘ಟಿವಿ ಹಳೆಯದು’ ಎಂಬುದು ಇಷ್ಟರ ಮಟ್ಟಿಗೆ ಮಾತ್ರ ಸತ್ಯ: ಹೊಸ ಟಿವಿ 4ಕೆ ನೋಡಲು ಬೇಕು, ಸಿನಿಮಾ ನೋಡಲು ಬೇಕಾಗಿಲ್ಲ.

ಫಲ, ಮತ್ತು ಈ ಮನೆಯಾಚೆಗೆ

ಟಿವಿ ಉಳಿಯಿತು. ಮೊದಲ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಬಾಕ್ಸ್ ಟಿವಿಗಿಂತ ಮುಂಚೆ ಎಚ್ಚರಗೊಂಡು ಒಂದೆರಡು ಸಲ ಸಂದೇಶ ತೋರಿಸಿತು. ಟಿವಿ ಆನ್ ಮಾಡಿ, ಚಿತ್ರ ಬಂದ ಮೇಲೆ ಬಾಕ್ಸ್‌ನ ಸ್ವಿಚ್ ಹಾಕುವ ಕ್ರಮವನ್ನು ಅಮ್ಮನವರು ರೂಢಿ ಮಾಡಿಕೊಂಡರು. ಅದಾದ ಮೇಲೆ ದೂರು ಬಂದಿಲ್ಲ. ಎರಡನೇ ಪೋರ್ಟಿಗೆ ಟೇಪ್ ಅಂಟಿಸಿ ಮೇಲೆ ಕನ್ನಡದಲ್ಲಿ ಬರೆದಿಟ್ಟಿದ್ದೇವೆ, ಮುಂದೆ ಬರುವ ಯಾವ ಹುಡುಗನೂ ಮತ್ತೆ ಅಲ್ಲಿಗೆ ಹಾಕಬಾರದೆಂದು. ನನ್ನ ದೃಷ್ಟಿಯಲ್ಲಿ ಇದೆಲ್ಲಕ್ಕಿಂತ ಮುಖ್ಯವಾದದ್ದು ಮನೆಯ ಅರ್ಥಿಂಗ್ ಪರೀಕ್ಷೆ. ಡಿಶ್‌ನ ಕಂಬಕ್ಕೆ ಅರ್ಥ್ ಇರಲೇ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದರು; ಗುಡುಗು ಶುರುವಾದರೆ ಡಿಶ್ ಕೇಬಲನ್ನೂ ಪ್ಲಗ್‌ಗಳನ್ನೂ ಬಿಚ್ಚಿಡುತ್ತಾರೆ. ಸ್ಪ್ಲಿಟರ್ ಹಾಕಿಬಿಟ್ಟಿದ್ದರೆ ಈ ಕೆಲಸ ಯಾರ ನೆನಪಿಗೂ ಬರುತ್ತಿರಲಿಲ್ಲ.

ಇಂಥ ಕರೆ ಬಂದಾಗ ಈಗ ನಾನು ಮೊದಲು ಕೇಳುವುದು ಧ್ವನಿ ಬರುತ್ತಿದೆಯೇ ಎಂದು, ಆಮೇಲೆ ಬಾಕ್ಸ್‌ನ ಪುಟದಲ್ಲಿ ಟಿವಿಯ ಹೆಸರು ಕಾಣುತ್ತಿದೆಯೇ ಎಂದು. ಎರಡೂ ಇಲ್ಲವಾದರೆ ದೋಷ ಪೋರ್ಟಿನದೋ ಕೇಬಲಿನದೋ ಆಗಿರುವ ಸಂಭವವೇ ಹೆಚ್ಚು. ಇನ್ನೊಂದು ಪೋರ್ಟಿಗೆ ಹಾಕಿ ನೋಡಿ ಎನ್ನುತ್ತೇನೆ. ಎರಡೂ ಇದ್ದು ಸಿನಿಮಾ ಮಾತ್ರ ನಿಂತರೆ ಕೀಲಿ ತಾಳೆಯ ಕಡೆಗೆ, ನಡುವೆ ಇರುವ ಸ್ವಿಚ್, ಕನ್ವರ್ಟರ್, ಹೋಂ ಥಿಯೇಟರ್‌ಗಳ ಕಡೆಗೆ ನೋಡಬೇಕು. ನಡುವಿನ ಎಲ್ಲವನ್ನೂ ತೆಗೆದು ಬಾಕ್ಸ್‌ನಿಂದ ಟಿವಿಗೆ ಒಂದೇ ಕೇಬಲ್ ಹಾಕಿದಾಗಲೂ ನಿಂತರೆ ಮಾತ್ರ ಟಿವಿಯ ಮೇಲೆ ಸಂಶಯ. ಪರೀಕ್ಷೆಗೆ ಬಳಸುವ ಸಿನಿಮಾ ಅಥವಾ ಡಿಸ್ಕ್ ನಕಲು ತಡೆ ಇರುವಂಥದ್ದೇ ಆಗಿರಬೇಕು ಎಂಬುದನ್ನು ಈ ಮನೆಯ ಯಕ್ಷಗಾನದ ಡಿಸ್ಕ್‌ಗಳ ನಂತರ ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಪರಿಹಾರವಿಲ್ಲದ ಪರದೆಗಳೂ ಇವೆ. ಡಿವಿಐ ಮಾತ್ರ ಇದ್ದು ಎಚ್‌ಡಿಸಿಪಿ ಇಲ್ಲದ ಆರಂಭದ ದಿನಗಳ ಪರದೆಗಳು, ಹಳೆಯ ಕಂಪ್ಯೂಟರ್ ಮಾನಿಟರ್‌ಗಳು ಈ ಗುಂಪಿನವು. ಅವು ಹೆಸರು ಹೇಳುತ್ತವೆ, ಕೀಲಿ ತೋರಿಸಲಾರವು. ಎವಿ ಸಾಲು ಮಾತ್ರ ಇರುವ ದಪ್ಪ ಪಿಕ್ಚರ್ ಟ್ಯೂಬಿನ ಟಿವಿಗಳಿಗೆ ಅಗ್ಗದ ಕನ್ವರ್ಟರ್ ತರುವುದಕ್ಕಿಂತ, ತಯಾರಿಕೆಯಲ್ಲೇ ಎವಿ ಔಟ್ ಕೊಟ್ಟಿರುವ ಸೆಟ್‌ಟಾಪ್ ಬಾಕ್ಸ್ ಅಥವಾ ಸ್ಟ್ರೀಮಿಂಗ್ ಬಾಕ್ಸ್ ಹುಡುಕುವುದು ಸರಿಯಾದ ದಾರಿ. ಕೊಳ್ಳುವ ಮೊದಲು ಬಾಕ್ಸ್‌ನ ಹಿಂಬದಿಯ ಚಿತ್ರ ನೋಡಿ, ಹಳದಿ ಪಿನ್‌ನ ತೂತೋ ಅಥವಾ ಎವಿ ಎಂದು ಬರೆದ 3.5 ಮಿಲಿಮೀಟರ್‌ನ ತೂತೋ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.